ಹೊನ್ನಪ್ಪನ ಜೀಪಿಗೆ ಟರ್ಬೊ

ನಮ್ಮ ಸಿಂಧಘಟ್ಟದಲ್ಲಿ ಹೊಟ್ಟೆಕಿಚ್ಚು ಪಡದ ಮನುಷ್ಯನಿಲ್ಲ. ಪಕ್ಕದ ಮನೆಯವನ ಹಸು ಅರ್ಧ ಲೀಟರ್ ಜಾಸ್ತಿ ಕರೆದರೆ ನಮ್ಮವರಿಗೆ ಅವತ್ತು ಊಟ ಸೇರುವುದಿಲ್ಲ. ಹಾಲಿನ ಡೈರಿಯ ಸೆಕ್ರೆಟರಿಯಾಗಿ ಹದಿನೆಂಟು ವರ್ಷದಿಂದ ಈ ಊರಿನ ಹೊಟ್ಟೆಕಿಚ್ಚನ್ನು ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಅಳೆಯುತ್ತ ಬಂದವನು ನಾನು. ಆ ಅಧಿಕಾರದಿಂದಲೇ ಹೇಳುತ್ತೇನೆ, ಹೊನ್ನಪ್ಪನದರಷ್ಟು ಫ್ಯಾಟ್ ಇರುವ ಹೊಟ್ಟೆಕಿಚ್ಚು ನನ್ನ ಕ್ಯಾನಿಗೆ ಇದುವರೆಗೆ ಬಿದ್ದಿಲ್ಲ.

ಅದೂ ಊರಿನವರ ಮೇಲಲ್ಲ. ಊರಿನವರನ್ನು ಅವನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಅವನ ಉರಿಯೆಲ್ಲ ನಾಗಮಂಗಲದ ಷಡ್ಡಕ ನಿಂಗರಾಜುವಿಗೆ ಮೀಸಲು. ಹೆಂಡತಿ ಪುಟ್ಟತಾಯಿಯ ಸ್ವಂತ ತಂಗಿಯ ಗಂಡ ಅವನು, ತೆಂಗಿನ ನಾರಿನ ಫ್ಯಾಕ್ಟರಿ ಇಟ್ಟುಕೊಂಡು ಚೆನ್ನಾಗಿದ್ದ. ಅಣ್ಣತಮ್ಮಂದಿರು ಹೊಲಕ್ಕೆ ಕಿತ್ತಾಡಿದರೆ ಕೋರ್ಟಿದೆ, ಸರ್ವೆಯವರಿದ್ದಾರೆ. ಷಡ್ಡಕರು ಕಿತ್ತಾಡುವುದು ಅತ್ತೆ ಮನೆಯ ಮರ್ಯಾದೆಗೆ. ಅದನ್ನು ಅಳೆದು ಕಲ್ಲು ನೆಡುವವರು ಯಾರೂ ಇಲ್ಲ.

ಆ ಮರ್ಯಾದೆಯಲ್ಲಿ ಹೊನ್ನಪ್ಪನದೇ ಇಷ್ಟು ವರ್ಷ ಮೇಲುಗೈ, ಅದಕ್ಕೆ ಕಾರಣ ಅವನ ಹಳೇ ಡೀಸೆಲ್ ಜೀಪು. ಪಾಂಡವಪುರದ ಹತ್ತಿರ ದೊಡ್ಡ ಕೆರೆಯೊಂದರ ಆಚೆ ದಡದಲ್ಲಿ ಅತ್ತೆ ಚಿಕ್ಕಬೋರಮ್ಮನ ಮನೆ. ಜೀಪು ಈಚೆ ದಡದ ಏರಿ ಹತ್ತಿತೆಂದರೆ ಅದರ ಟಪಟಪ ಸದ್ದು ನೀರಿನ ಮೇಲೆ ಹಾದು ಅತ್ತೆಯ ಅಡುಗೆಮನೆಗೆ ಬಂದು ಬೀಳುತ್ತಿತ್ತು. ಮುದುಕಿಗೆ ಕಣ್ಣಿಗೆ ಪೊರೆ ಬಂದು ಎದುರಿಗಿದ್ದವರು ಮಬ್ಬು ಮಬ್ಬು, ಆದರೆ ಕಿವಿ ಮಾತ್ರ ಮೊಲದ್ದು. "ದೊಡ್ಡಳಿಯಂದ್ರು ಬಂದ್ರು" ಎಂದು ಎದ್ದು ಒಲೆಯ ಮೇಲೆ ಮುದ್ದೆಗೆ ಎಸರಿಡುತ್ತಿದ್ದಳು. ಜೀಪು ಏರಿ ಮುಗಿಸಿ, ಕೋಡಿ ದಾಟಿ, ಗದ್ದೆ ಬಯಲು ಸುತ್ತಿ, ದಾರಿಯಲ್ಲಿ ಒಂದೆರಡು ಸಲ ನಿಂತು ಮನೆ ಮುಟ್ಟುವ ಹೊತ್ತಿಗೆ ಸರಿಯಾಗಿ ಮುದ್ದೆ ತಟ್ಟೆಗೆ ಬೀಳುತ್ತಿತ್ತು. ಹಬೆಯಾಡುವ ಮುದ್ದೆ, ಹುರುಳಿ ಬಸ್ಸಾರು, ಮೇಲೊಂದು ಚಮಚ ತುಪ್ಪ. ವರ್ಷಕ್ಕೊಮ್ಮೆ ಶ್ರಾವಣದ ಕಡೇ ಶನಿವಾರ ಅತ್ತೆ ಅದೇ ಜೀಪಿನ ಮುಂದಿನ ಸೀಟಿನಲ್ಲಿ ಕೂತು ಮೇಲುಕೋಟೆಗೆ ಹೋಗಿಬರುತ್ತಿದ್ದಳು. ದೊಡ್ಡ ಅಳಿಯನಿಗೆ ಬದುಕಿನಲ್ಲಿ ಇನ್ನೇನು ಬೇಕು?

ಹೀಗಿರುವಾಗ ನಿಂಗರಾಜು ಒಂದು ಬಿಳೀ ಕಾರು ತೆಗೆದುಕೊಂಡ. ಅದರ ಬೆನ್ನ ಮೇಲೆ ಬೆಳ್ಳಿ ಅಕ್ಷರದಲ್ಲಿ 'ಟರ್ಬೊ' ಎಂದಿತ್ತು. ಆಷಾಢದ ಒಂದು ಭಾನುವಾರ ಹೊನ್ನಪ್ಪ ಅತ್ತೆ ಮನೆಗೆ ಹೋದಾಗ ನಿಂಗರಾಜು ಮೊದಲೇ ಬಂದು ಊಟ ಮುಗಿಸಿ ಜಗಲಿಯ ಮೇಲೆ ಕೂತಿದ್ದ. ಕಾರು ಬೇವಿನ ಮರದ ಕೆಳಗೆ, ಜೀಪು ನಿಲ್ಲಬೇಕಾದ ಜಾಗದಲ್ಲಿ ನಿಂತಿತ್ತು.

"ಅಣ್ಣ, ನಿಮ್ ಜೀಪ್ಗೆ ಟರ್ಬೊ ಇಲ್ಲ ಅಲ್ವ?" ಎಂದು ನಿಂಗರಾಜು ಕೇಳಿದ.

"ಟರ್ಬ ಅಂದ್ರೆ ಏನಪ್ಪ?" ಎಂದಳು ಅತ್ತೆ.

"ಎಂಜಿನ್ಗೆ ಜಾಸ್ತಿ ಗಾಳಿ ನೂಕ್ತದೆ ಅತ್ತೆ. ಬೆಟ್ಟ ಅತ್ತುವಾಗ ದಮ್ಮು ಕಟ್ಟಕಿಲ್ಲ."

"ಅಂಗಾರೆ ಮೇಲ್ಕೋಟೆಗೆ ಇದ್ರಲ್ಲೇ ಓಗ್ಬೋದಲ್ಲ. ಓದ್ಸಲ ಪಾಪ, ದೊಡ್ಡಳಿಯಂದ್ರ ಜೀಪು ಬೆಟ್ಟದಲ್ಲಿ ಮೂರ್ ಸಲ ನಿಂತ್ಕತ್ತು."

ಜಗಲಿಯಲ್ಲೇ ಊಟಕ್ಕೆ ಕೂತಿದ್ದ ಹೊನ್ನಪ್ಪ ಮುರಿದ ಮುದ್ದೆಯನ್ನು ತಟ್ಟೆಗೇ ಹಾಕಿದ. ನೀರು ಕುಡಿದು, "ಅದು ನಿಂತ್ಕಳ್ನಿಲ್ಲ ಅತ್ತೆ, ನೀವು ಬೆಟ್ಟ ನೋಡ್ಲಿ ಅಂತ ನಾನೇ ನಿಲ್ಸಿದ್ದು" ಎಂದ. ಕಣ್ಣು ಕಾಣದ ಮುದುಕಿಗೆ ಹೇಳಿದ ಈ ಮಾತು ತನಗೇ ಸಾಲದೆನಿಸಿ ಇನ್ನೂ ಒಂದು ಸೇರಿಸಿದ: "ಟರ್ಬೊ ಇಲ್ಲ ಅಂತ ಯಾರಂದ್ರು? ನನ್ ಜೀಪ್ಗೂ ಅದೆ. ಒಳಗಡೆ ಅದೆ. ನಾನು ಬೋರ್ಡು ಬರ್ಸ್ಕಂಡಿಲ್ಲ, ಅಷ್ಟೇಯ."

"ಜಗ್ಳ ಬ್ಯಾಡ ಬುಡಿ" ಎಂದಳು ಚಿಕ್ಕಬೋರಮ್ಮ. "ಶ್ರಾವಣದ ಕಡೇ ಶನಿವಾರ ಯಾರ್ ಗಾಡಿ ಮೊದ್ಲು ಬತ್ತದೋ ಅದ್ರಲ್ಲಿ ಮುಂದ್ಗಡೆ ಕುಂತ್ಕಂಡು ಓಯ್ತೀನಿ."

ಮಾರನೆಯ ಬೆಳಿಗ್ಗೆ ಹೊನ್ನಪ್ಪ ಡೈರಿಗೆ ಬಂದಾಗ ಕ್ಯಾನು ತರುವುದನ್ನೇ ಮರೆತಿದ್ದ. "ಸೆಕ್ರೆಟ್ರಿ, ನಡೀಲಾ ಪ್ಯಾಟೆಗೆ. ಜೀಪ್ಗೆ ಟರ್ಬೊ ಆಕ್ಸ್ಬೇಕು" ಎಂದ. ಒಂದನೇ ಕ್ಲಾಸಿನಿಂದ ಜೊತೆಯಲ್ಲಿ ಓದಿದ ತಪ್ಪಿಗೆ ನಾನು ಹೊರಟೆ.

ಕೆ.ಆರ್. ಪೇಟೆಯಲ್ಲಿ ಬಾಬಾಜಾನನ ಗ್ಯಾರೇಜು ಬಸ್ ಸ್ಟ್ಯಾಂಡಿನಿಂದ ಕೂಗಳತೆ. ಹೊನ್ನಪ್ಪನ ಜೀಪಿನ ಸದ್ದು ಕೇಳಿದರೆ ಅವನು ತಲೆಯೆತ್ತದೆಯೇ ಸ್ಪ್ಯಾನರಿಗೆ ಕೈಹಾಕುತ್ತಾನೆ. ವಿಷಯ ಕೇಳಿ ಅವನು ಕೈ ಒರೆಸಿಕೊಂಡು ಕೂತ.

"ನೋಡಿ ಹೊನ್ನಪ್ಪಣ್ಣ, ನಿಮ್ದು ಪುಶ್ ರಾಡ್ ಎಂಜಿನ್ನು. ವಾಲ್ವು ತೆಗ್ದು ಮುಚ್ಚೋ ಕ್ಯಾಮು ಕೆಳ್ಗಡೆ ಕುಂತದೆ. ಅಲ್ಲಿಂದ ಉದ್ದುದ್ದ ಕಡ್ಡೀಲಿ ಮೇಲ್ಗಡೆ ವಾಲ್ವ್ನ ತಿವೀತದೆ. ಆ ಟಪಟಪ ಎಲ್ಲ ಅದ್ರದ್ದೇ. ವಸಾ ಎಂಜಿನ್ನಲ್ಲಿ ಕ್ಯಾಮು ಅಟ್ಟದ ಮೇಲೆ, ವಾಲ್ವಿನ ಪಕ್ಕದಲ್ಲೇ. ಕಡ್ಡಿ ಇಲ್ಲ, ಗಲಾಟೆ ಇಲ್ಲ."

"ಟರ್ಬೊಗೆ ಯಾವ್ದು ವಾಸಿ ಬಾಬಣ್ಣ?"

"ಓಡಕ್ಕೆ ವಸದು, ಎಳೆಯಕ್ಕೆ ಹಳೇದು. ವಸದು ಜೋರಾಗಿ ತಿರುಗ್ತದೆ, ಗಾಳಿ ಚೆನ್ನಾಗಿ ಕುಡೀತದೆ. ಆದ್ರೆ ಬೆಲ್ಟು ಕಟ್ಟಾದ್ರೆ ವಾಲ್ವೂ ಪಿಸ್ಟನ್ನೂ ಗುದ್ದಾಡ್ಕಂಡು ಎಲ್ಡೂ ಸಾಯ್ತವೆ. ಹಳೇದು ದಪ್ಪ ಕಬ್ಬಿಣ. ಅತಿಯಾಗಿ ಓಡಿಸ್ದೆ ವಸಿ ಗಾಳಿ ತುಂಬಿದ್ರೆ ಎಮ್ಮೆ ಅಂಗೆ ಎಳ್ಕಂಡು ಓಯ್ತದೆ. ನಿಮ್ಗೆ ಬೇಕಿರೋದು ಬೆಟ್ಟ ಅತ್ತದು. ಅಲ್ಲಾನ ಆಣೆ, ಇದ್ಕೇ ಒಂದು ಸಣ್ಣ ಟರ್ಬೊ ಕೂರಿಸ್ಕೊಡ್ತೀನಿ, ಎಂಜಿನ್ನು ಮಾತ್ರ ಬದ್ಲಾಯಿಸ್ಬ್ಯಾಡಿ."

ಇಷ್ಟು ಚೆನ್ನಾಗಿ ಬಿಡಿಸಿ ಹೇಳಿದ್ದು ನನಗೂ ಅರ್ಥವಾಯಿತು. ಹೊನ್ನಪ್ಪ ಕೇಳಿದ್ದು ಒಂದೇ ಪ್ರಶ್ನೆ: "ನಿಂಗರಾಜುಂದು ಯಾವ್ದು?"

"ಅಟ್ಟದ್ದು."

"ಅಂಗಾರೆ ನಂಗೂ ಅಟ್ಟದ್ದೇ ಇರ್ಲಿ."

ಒಂದು ವಾರ ಯೋಚನೆ ಮಾಡು ಎಂದು ನಾನು ಅವನನ್ನು ಎಳೆದುಕೊಂಡು ಬಂದೆ. ಅದೇ ನಾನು ಮಾಡಿದ ತಪ್ಪು. ಆ ಒಂದು ವಾರ ಹೊನ್ನಪ್ಪನ ಬದಲು ಇಡೀ ಊರು ಯೋಚನೆ ಮಾಡಿತು. ಡೈರಿಯ ಮುಂದೆ ಕಡ್ಡಿ ಪಕ್ಷ, ಅಟ್ಟದ ಪಕ್ಷ ಎಂದು ಎರಡು ಸಾಲುಗಳಾದವು. ಪಂಚಾಯಿತಿ ಚುನಾವಣೆಯಲ್ಲೂ ನಾನು ಇಷ್ಟು ಶ್ರದ್ಧೆ ಕಂಡಿರಲಿಲ್ಲ. ಕಡ್ಡಿ ಪಕ್ಷಕ್ಕೆ ಕುಳ್ಳಯ್ಯ ನಾಯಕ. ಮೂವತ್ತು ವರ್ಷ ಕಬ್ಬಿನ ಟ್ರಾಕ್ಟರು ಓಡಿಸಿದ ಮುದುಕ.

"ಲೇ, ನಾನು ಓಡ್ಸಿದ್ದೆಲ್ಲ ಕಡ್ಡಿ ಎಂಜಿನ್ನೇ. ಎಲ್ಡು ಟ್ರೈಲರ್ ಕಬ್ಬು ಏರ್ಕಂಡು ಗದ್ದೆ ಕೆಸ್ರಿಂದ ಮ್ಯಾಕ್ಕೆ ಬತ್ತಿತ್ತು. ಅಟ್ಟದ ಮ್ಯಾಲೆ ಕುಂತಿರೋನು ಯಾವತ್ತಾರ ಬಾರ ಎತ್ತವ್ನೇನ್ಲಾ?"

"ಕೆಳ್ಗಿರೋನು ಆಳು, ಮ್ಯಾಲಿರೋನು ಯಜಮಾನ" ಎಂದ ಹೊನ್ನಪ್ಪ. "ನಾನು ದೊಡ್ಡಳಿಯ ಕಣಣ್ಣ. ಕೆಳ್ಗಡೆ ಕುಂತ್ಕಳೋ ಕ್ಯಾಮು ನಂಗೆ ಒಪ್ಪಾಕಿಲ್ಲ."

ಹಾಲು ಹಾಕಲು ಸರದಿಯಲ್ಲಿ ನಿಂತು ಸಾಕಾಗಿದ್ದ ಕುಳ್ಳಮ್ಮ, "ಗಾಳಿ ತುಂಬ್ಸಕ್ಕೆ ಇಷ್ಟು ಮಾತ? ಪಂಚರ್ ಅಂಗ್ಡೀಲಿ ಸುಮ್ಕೆ ತುಂಬ್ತಾರೆ ಓಗ್ರಪ್ಪ, ಹಾಲು ಒಡೀತದೆ" ಎಂದಳು. ಮನೆಯಲ್ಲಿ ಪುಟ್ಟತಾಯಿಯದೂ ಚುಟುಕಾದ ಅಭಿಪ್ರಾಯ: "ಟರ್ಬ ಆಕ್ಸ್ಬೇಕಾಗಿರೋದು ಜೀಪ್ಗಲ್ಲ, ನಿಮ್ ತಲೆಗೆ."

ಕುಳ್ಳಯ್ಯ ದಿನಾ ಕೊರೆದು ಕೊರೆದು ಆ ವಾರದ ಕೊನೆಗೆ ಹೊನ್ನಪ್ಪ ಬಾಬಾಜಾನನ ಮಾತಿಗೇ ಬಂದಿದ್ದ. ಕೆ.ಆರ್. ಪೇಟೆಗೆ ಅದನ್ನು ಹೇಳಲೆಂದೇ ನಾವು ಹೋದದ್ದು. ಹೋಗಿ ನೋಡಿದರೆ ಗ್ಯಾರೇಜಿನ ಮುಂದೆ ಬಿಳೀ ಕಾರು ನಿಂತಿದೆ!

ಹೊನ್ನಪ್ಪ ನನ್ನ ಕೈ ಹಿಡಿದು ಕಬ್ಬಿನ ಹಾಲಿನ ಗಾಡಿಯ ಹಿಂದಕ್ಕೆ ಎಳೆದ. ಸುಮ್ಮನೆ ನಿಂತರೆ ಗಾಡಿಯವನು ಬಿಡುತ್ತಾನೆಯೇ? ಕಬ್ಬು ಬೆಳೆಯುವ ನಾವಿಬ್ಬರೂ ತಲಾ ನಾಲ್ಕು ಲೋಟ ಕಬ್ಬಿನ ಹಾಲು ಕೊಂಡು ಕುಡಿದೆವು. ಅಲ್ಲಿ ನಿಂಗರಾಜು ಬಾಬಾಜಾನನ ಕಿವಿಯಲ್ಲಿ ಏನೋ ಹೇಳುತ್ತಿದ್ದ. ಎರಡೂ ಕೈ ಅಗಲಿಸಿ ಯಾವುದೋ ದೊಡ್ಡ ವಸ್ತುವಿನ ಆಕಾರ ತೋರಿಸುತ್ತಿದ್ದ. ಬಾಬಾಜಾನ್ ತಲೆಯಾಡಿಸುತ್ತಿದ್ದ.

"ಎಲ್ಡನೇ ಟರ್ಬೊ ಆಕ್ಸ್ತಾವ್ನೆ ಕಣ್ಲಾ!" ಎಂದ ಹೊನ್ನಪ್ಪ. ಅವನ ಮುಖ ಆಗ ನೋಡಬೇಕಿತ್ತು. ಐದನೇ ಲೋಟ ಅವನ ಕೈಯಲ್ಲೇ ಉಳಿಯಿತು.

ಕಾರು ಅತ್ತ ಹೋಗುತ್ತಲೇ ಇವನು ಇತ್ತಿಂದ ನುಗ್ಗಿದ. "ಏನ್ ಕೇಳ್ದ ಅವ್ನು?"

"ಗಿರಾಕಿ ಮಾತು ಗಿರಾಕಿಗೇ ಮಡಗ್ತೀನಿ" ಎಂದ ಬಾಬಾಜಾನ್. "ನಿಮ್ ಇಷ್ಯ ಅವ್ರಿಗೂ ಯೋಳಿಲ್ಲ, ಅವ್ರದು ನಿಮ್ಗೂ ಯೋಳಾಕಿಲ್ಲ."

"ಯೋಳ್ಬ್ಯಾಡ. ನಂಗೆ ಅಟ್ಟದ ಎಂಜಿನ್ನೇ ಆಕು. ಇರೋದ್ರಲ್ಲೇ ದೊಡ್ಡ ಟರ್ಬೊ ಆಕು."

"ಹಳೇ ಎಂಜಿನ್ ಏನ್ ಮಾಡ್ಲಿ? ಚಿನ್ನದಂತ ಎಂಜಿನ್ನು ಹೊನ್ನಪ್ಪಣ್ಣ."

"ಯಾವನಿಗಾರ ಕೊಡು. ನನ್ ಕಣ್ಣಿಗೆ ಮಾತ್ರ ಬೀಳ್ಬಾರ್ದು."

ಎಂಜಿನ್ ಬದಲಾಯಿಸುವುದೆಂದರೆ ಸಾರಿಗೆ ಕಚೇರಿಯ ಅಪ್ಪಣೆ ಬೇಕು. ಅರ್ಜಿ ಬರೆದವನು ನಾನೇ. ಕಾರಣ ಏನೆಂದು ಬರೆಯಲಿ ಎಂದರೆ, "ಷಡ್ಡಕಂಗೆ ಸಮ ಆಗಕ್ಕೆ ಅಂತ ಬರಿ" ಎಂದ. ನಾನು 'ಕುಟುಂಬದ ಹಿತದೃಷ್ಟಿಯಿಂದ' ಎಂದು ಬರೆದೆ. ಇನ್ಸ್‌ಪೆಕ್ಟರು ಅದನ್ನು ಎರಡು ಸಲ ಓದಿ, ಎಂಜಿನ್ನಿಗೂ ಕುಟುಂಬಕ್ಕೂ ಏನು ಸಂಬಂಧ ಎಂದು ಕನ್ನಡಕ ತೆಗೆದರು. ಹೊನ್ನಪ್ಪ ಎಸರಿನಿಂದ ಹಿಡಿದು ಎರಡನೇ ಟರ್ಬೊವರೆಗೆ ಒಂದಕ್ಷರ ಬಿಡದೆ ಹೇಳಿದ. ಇನ್ಸ್‌ಪೆಕ್ಟರು ಕೊನೆಯವರೆಗೂ ಕೇಳಿದರು.

"ನಿಮ್ಮ ಷಡ್ಡಕರ ಕಾರು ಯಾವ ಬಣ್ಣದ್ದು?"

"ಬಿಳೀದು ಸಾ."

"ನಮ್ಮ ಷಡ್ಡಕನದೂ ಬಿಳೀದೇ ಕಣ್ರೀ" ಎಂದು ಅವರು ಕಿಟಕಿಯಾಚೆ ನೋಡಿದರು. ಆಮೇಲೆ ಕಾಗದಗಳನ್ನೆಲ್ಲ ಮತ್ತೊಮ್ಮೆ ನೋಡಿ, ಎಲ್ಲ ಸರಿಯಿರುವುದನ್ನು ಖಾತರಿ ಮಾಡಿಕೊಂಡು ಸಹಿ ಹಾಕಿದರು.

ಹದಿನೈದು ದಿನಕ್ಕೆ ಜೀಪು ಸಿದ್ಧವಾಯಿತು. ಅದನ್ನು ಜೀಪೆಂದು ಕರೆಯಲು ನನಗೆ ನಾಲಗೆ ಬರಲಿಲ್ಲ. ಕೀಲಿ ತಿರುಗಿಸಿದರೆ ಚಾಲೂ ಆಗಿದೆಯೋ ಇಲ್ಲವೋ ಎಂದು ಬಾನೆಟ್ ಮುಟ್ಟಿ ನೋಡಬೇಕು. ಕಾಲಿಟ್ಟರೆ ಮಾತ್ರ ಒಳಗೆಲ್ಲೋ ಸಣ್ಣಗೆ ಶಿಳ್ಳೆ ಹಾಕಿ ಒಂದೇ ನೆಗೆತಕ್ಕೆ ಮುಂದೆ ಹೋಗುತ್ತಿತ್ತು. ಹೊನ್ನಪ್ಪ ಹೆಂಡತಿಯನ್ನು ಕೂರಿಸಿಕೊಂಡು ಪರೀಕ್ಷೆಗೆಂದು ಅತ್ತೆ ಮನೆಗೇ ಹೋದ. ಏರಿಯಿಂದ ಮನೆಗೆ ಮೂರೇ ನಿಮಿಷ!

ಬಾಗಿಲಲ್ಲಿ ನಿಂತರೆ ಚಿಕ್ಕಬೋರಮ್ಮ ಹಿತ್ತಲಲ್ಲಿ ಅಲಸಂದೆಕಾಯಿ ಸುಲಿಯುತ್ತಿದ್ದಳು. ಒಲೆ ತಣ್ಣಗಿತ್ತು. "ಅಯ್ಯೋ, ಬಂದದ್ದೇ ಗೊತ್ತಾಗ್ನಿಲ್ಲ. ಬಸ್ಸಲ್ ಬಂದ್ರಾ?" ಎನ್ನುತ್ತ ಬೆಳಿಗ್ಗೆ ಮಿಕ್ಕಿದ್ದ ಮುದ್ದೆ ತಂದು ಮುಂದಿಟ್ಟಳು. ಅದನ್ನು ಮುರಿಯಲು ಹೊನ್ನಪ್ಪ ಎರಡೂ ಕೈ ಬಳಸಬೇಕಾಯಿತಂತೆ.

ಬುದ್ಧಿಯಿದ್ದವನು ಇಷ್ಟಕ್ಕೆ ತಿಳಿದುಕೊಳ್ಳುತ್ತಿದ್ದ. ಹೊಟ್ಟೆಕಿಚ್ಚಿದ್ದವನಿಗೆ ತಿಳಿದದ್ದು ಬೇರೆ. "ನಿಂಗರಾಜು ಅತ್ತೇನ ಒಲಿಸ್ಕಂಡವ್ನೆ ಕಣ್ಲಾ" ಎಂದು ಸಂಜೆ ಡೈರಿಯಲ್ಲಿ ಹಲ್ಲು ಕಡಿದ. "ದೊಡ್ಡಳಿಯಂಗೆ ತಂಗ್ಳು ಮುದ್ದೆ ಇಕ್ಕೋ ಮಟ್ಟಕ್ಕೆ ಬಂದದೆ. ಶನಿವಾರ ಬರ್ಲಿ."

ಆ ಶನಿವಾರವೂ ಬಂತು. ಮೊದಲು ಬಂದದ್ದಕ್ಕೆ ಸಾಕ್ಷಿ ಬೇಕೆಂದು ನನ್ನನ್ನೂ ಹಿಂದಿನ ಸೀಟಿಗೆ ಹಾಕಿಕೊಂಡ. ಪುಟ್ಟತಾಯಿ ಹಿಂದಿನ ದಿನವೇ ತವರಿಗೆ ಹೋಗಿದ್ದಳು. ಬಿಸಿಲೇರುವ ಮೊದಲೇ ಬೇವಿನ ಮರದ ಕೆಳಗೆ ಜೀಪು ನಿಲ್ಲಿಸಿದೆವು. ಬಿಳೀ ಕಾರಿನ ಸುಳಿವಿಲ್ಲ. ಹೊನ್ನಪ್ಪನ ಮುಖದಲ್ಲಿ ಆಗ ಕಂಡ ಸಂತೋಷವನ್ನು ಅವನ ಮದುವೆಯಲ್ಲೂ ನಾನು ಕಂಡಿರಲಿಲ್ಲ.

ಚಿಕ್ಕಬೋರಮ್ಮ ಮಿಂದು, ಹಣೆಗಿಟ್ಟುಕೊಂಡು, ಹಣ್ಣುಕಾಯಿಯ ಬ್ಯಾಗು ಮಡಿಲಲ್ಲಿಟ್ಟುಕೊಂಡು ಜಗಲಿಯಲ್ಲಿ ಕೂತಿದ್ದಳು.

"ಅತ್ತೆ, ನಾನೇ ಮೊದ್ಲು ಬಂದಿವ್ನಿ. ಜೀಪ್ ಅತ್ತಿ" ಎಂದ ಹೊನ್ನಪ್ಪ.

"ಬಂದ್ರಾ? ಗಾಡಿ ಎಲ್ಲದೆ?"

"ಇಲ್ಲೇ ಮುಂದ್ಗಡೆ ನಿಂತದೆ."

"ಸದ್ದೇ ಕೇಳ್ನಿಲ್ವಲ್ಲ."

"ವಸಾ ಎಂಜಿನ್ನು ಅತ್ತೆ. ಸದ್ದು ಬರಾಕಿಲ್ಲ. ಕ್ಯಾಮು ಅಟ್ಟದ ಮ್ಯಾಲದೆ."

"ಕಣ್ ಕಾಣದೋಳು ಅಂತ ಆಟ ಆಡಿಸ್ಬ್ಯಾಡಿ ಅಳಿಯಂದ್ರೆ" ಎಂದು ಮುದುಕಿ ನಕ್ಕಳು. "ನಿಮ್ ಜೀಪಿನ ಸದ್ದು ನಂಗೊತ್ತಿಲ್ವಾ?"

ಹೊನ್ನಪ್ಪ ಓಡಿಹೋಗಿ ಹಾರ್ನ್ ಬಾರಿಸಿದ. ಅದು ಯಾರದಾದರೂ ಆಗಬಹುದು ಎಂದಳು. ಕೈ ಹಿಡಿದು ಕರೆದೊಯ್ಯಲು ಹೋದ. ಗಾಡಿ ಬರುವವರೆಗೆ ತಾನು ಏಳುವುದಿಲ್ಲ ಎಂದಳು. ನಾನು ಸಾಕ್ಷಿ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಕೆರೆಯ ಆಚೆಯಿಂದ, ನೀರಿನ ಮೇಲೆ ಹಾದು, ಆ ಸದ್ದು ಬಂತು.

ಟಪಟಪ ಟಪಟಪ.

ಹೊನ್ನಪ್ಪನ ಕೈ ಗಾಳಿಯಲ್ಲೇ ನಿಂತಿತು. ಹತ್ತೊಂಬತ್ತು ವರ್ಷ ಅದರ ಬೆನ್ನ ಮೇಲೆ ಕೂತಿದ್ದವನಿಗೆ ಗುರುತು ಸಿಗದೆ ಇರುತ್ತದೆಯೇ?

"ಅಗೋ, ನಿಮ್ ಜೀಪು ಈಗ ಏರಿ ಅತ್ತಾ ಅದೆ" ಎಂದಳು ಅತ್ತೆ, ಹೊನ್ನಪ್ಪನಿಗೇ.

ಸದ್ದು ಕೋಡಿ ದಾಟಿತು, ಗದ್ದೆ ಬಯಲು ಸುತ್ತಿತು. ಬೀದಿಯ ತಿರುವಿನಲ್ಲಿ ಹಸಿರು ಬಣ್ಣ ಬಳಿದ ಹಳೇ ಜೀಪೊಂದು ಕಾಣಿಸಿಕೊಂಡಿತು. ಅದನ್ನು ಓಡಿಸುತ್ತಿದ್ದವನು ನಿಂಗರಾಜು.

ಅವನು ಇಳಿದು ಬಂದು, ಹೊನ್ನಪ್ಪನ ಮುಖ ನೋಡಿ ಕೈ ಮುಗಿದ. "ತಪ್ಪು ತಿಳ್ಕಬ್ಯಾಡಿ ಅಣ್ಣ. ಬೈಕಲ್ ಬತ್ತಿದ್ದೆ, ಅತ್ತೆಗೆ ಕೇಳಿಸ್ತಿರ್ನಿಲ್ಲ. ಕಾರ್ ತಕ್ಕಂಡೆ, ಅದಂತೂ ಕೇಳಿಸ್ಲೇ ಇಲ್ಲ. ಮದ್ವೆ ಆದಾಗ್ಲಿಂದ ಈ ಮನೇಲಿ ತಣ್ಣಗಿರೋ ಮುದ್ದೇನೆ ತಿಂದಿವ್ನಿ. ನೀವು ಬಿಸೀದು ಉಣ್ಣೋದ ನೋಡಿ ನೋಡಿ ಒಟ್ಟೆ ಉರ್ಕಂಡು ಸಾಕಾಗೋಗಿತ್ತು. ಶ್ರೀರಂಗಪಟ್ಟಣದಲ್ಲಿ ಎಂಜಿನ್ ಇಲ್ದಿರೋ ಜೀಪೊಂದು ಸಿಕ್ತು. ಬಾಬಾಜಾನ್ ಸಾಬ್ರ ಅತ್ರ ಒಂದು ಹಳೇ ಪುಶ್ ರಾಡ್ ಎಂಜಿನ್ನು ಉಡ್ಕಿಕೊಡಿ ಅಂದಿದ್ದೆ. ಯಾರೋ ತಲೆ ಕೆಟ್ಟೋನು ಬಿಚ್ಚಿ ಎಸ್ದವ್ನೆ ಅಂತ ಇದ್ನ ಕೂರಿಸ್ಕೊಟ್ರು."

"ಟರ್ಬೊ?" ಎಂದ ಹೊನ್ನಪ್ಪ. ಅವನ ದನಿ ಬಾವಿಯೊಳಗಿಂದ ಬಂದಂತಿತ್ತು.

"ಸಣ್ದೊಂದು ಆಕವ್ರೆ. ಸದ್ದು ವಸಿ ಕಮ್ಮಿ ಆಯ್ತು ಅಂತ ಸೈಲೆನ್ಸರ್ ಬಿಚ್ಚಿಸ್ಬುಟ್ಟೆ."

ಅಷ್ಟು ಹೊತ್ತಿಗೆ ಚಿಕ್ಕಬೋರಮ್ಮ ಸದ್ದಿನ ಜಾಡು ಹಿಡಿದು ಹೋಗಿ, ಯಾರ ಕೈಯೂ ಹಿಡಿಯದೆ, ಮುಂದಿನ ಸೀಟು ಹತ್ತಿ ಕೂತಿದ್ದಳು. ಹೊನ್ನಪ್ಪ ಬಳಿಗೆ ಹೋಗಿ, "ಅತ್ತೆ, ಇದು ನಿಂಗರಾಜುದು. ನಂದು ಅಲ್ಲದೆ. ನಾನೇ ಮೊದ್ಲು ಬಂದದ್ದು" ಎಂದ.

"ಸುಮ್ಕಿರಿ ಅಳಿಯಂದ್ರೆ. ಚಿಕ್ಕಳಿಯಂದ್ರು ಇವತ್ತು ಓಡಿಸ್ಲಿ ಬುಡಿ, ಅವ್ರಿಗೂ ಆಸೆ ಇರಾಕಿಲ್ವಾ? ಜೀಪು ನಿಮ್ದೇ ಅಲ್ವಾ. ನಾನು ನಿಮ್ ಜೀಪಲ್ಲೇ ಓಯ್ತಾ ಇರೋದು."

ಪುಟ್ಟತಾಯಿ ತಂಗಿಯ ಜೊತೆ ಅದರ ಹಿಂದಿನ ಸೀಟು ಸೇರಿದಳು. ಬೀದಿಯ ಐದಾರು ಹೆಂಗಸರೂ ತುಂಬಿಕೊಂಡರು. ನಮ್ಮ ಶಿಳ್ಳೆ ಜೀಪಿಗೆ ಹೊನ್ನಪ್ಪ, ನಾನು, ಮತ್ತು ಅವರಲ್ಲಿ ಜಾಗ ಸಾಲದ ಹಣ್ಣಿನ ಬುಟ್ಟಿಗಳು.

ಜಕ್ಕನಹಳ್ಳಿ ದಾಟಿ ಬೆಟ್ಟದ ರಸ್ತೆ ಶುರುವಾಯಿತು. ನಮ್ಮ ಎಂಜಿನ್ನಿಗೆ ಒಂದು ಸಲ ಕಾಲು ಕೊಟ್ಟರೆ ಸಾಕು, ಅವರನ್ನು ದಾಟಿ ಮೇಲುಕೋಟೆ ಸೇರಿ, ಕಲ್ಯಾಣಿಯಲ್ಲಿ ಕಾಲು ತೊಳೆದು ಕೂತಿರಬಹುದಿತ್ತು. ಹೊನ್ನಪ್ಪ ದಾಟಲಿಲ್ಲ. ಹತ್ತು ಮಾರು ಹಿಂದೆ, ಎತ್ತಿನ ಗಾಡಿಯ ವೇಗದಲ್ಲಿ ಬರುತ್ತಿದ್ದ. ಮುಂದೆ ಆ ಹಸಿರು ಜೀಪು ಒಂಬತ್ತು ಜನರನ್ನು ಹೊತ್ತು, ಒಂದು ಕಡೆಯೂ ನಿಲ್ಲದೆ, ಉಸಿರು ಬಿಡದೆ ಟಪಟಪ ಎನ್ನುತ್ತ ಹತ್ತುತ್ತಿತ್ತು. ಮುಂದಿನ ಸೀಟಿನಲ್ಲಿ ಚಿಕ್ಕಬೋರಮ್ಮನ ಬಿಳಿ ತುರುಬು ಆ ಸದ್ದಿಗೆ ಸರಿಯಾಗಿ ಅಲ್ಲಾಡುತ್ತಿತ್ತು.

ಕಡೇ ತಿರುವಿನಲ್ಲಿ ಹೊನ್ನಪ್ಪ ಬಾಯಿಬಿಟ್ಟ. "ಎಂಗೆ ಎಳೀತದೆ ನೋಡ್ಲಾ ಅವಂದು" ಎಂದ.

ಪಾಪ ಎನಿಸಿತು. ಬೆನ್ನ ಮೇಲೆ ಕೈಯಿಟ್ಟು, "ಅದು ನಿಂದೇ ಅಲ್ವೇನ್ಲಾ ಹೊನ್ನಪ್ಪ?" ಎಂದೆ.

"ನಂದೇ ಆಗಿದ್ರೆ ಒಟ್ಟೆ ಯಾಕ್ಲಾ ಇಂಗೆ ಉರೀತಿತ್ತು?" ಎಂದ.